ಕೆಂಪಾದ ಮುಖದ ಲೆಕ್ಕ ಯಾರ ಖಾತೆಗೆ?

1948ರ ಕಾರ್ಖಾನೆಗಳ ಕಾಯ್ದೆಗೆ ಮೂರನೇ ಅನುಸೂಚಿ ಎಂಬ ಪಟ್ಟಿಯೊಂದನ್ನು ಜೋಡಿಸಿದ್ದರು. ದುಡಿಮೆಯಿಂದಲೇ ಹತ್ತಿಕೊಳ್ಳುವ ಕಾಯಿಲೆಗಳ ಪಟ್ಟಿ ಅದು. ಸೀಸದ ವಿಷ, ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ರೋಗ, ಯಂತ್ರಗಳ ಸದ್ದಿಗೆ ಕಿವಿ ಮಂದವಾಗುವುದು, ಇವುಗಳ ಸಾಲಿನಲ್ಲೇ ರಾಸಾಯನಿಕಗಳು ಮತ್ತು ಬಣ್ಣಗಳು ನೇರವಾಗಿ ತಾಗಿ ಆಗುವ ಚರ್ಮದ ಉರಿಯೂತವೂ ಇತ್ತು. ಕಾರ್ಖಾನೆಯಲ್ಲಿ ಬಣ್ಣ ಬಳಿಯುವವನ ಕೈ ಹೀಗೆ ಕೆಂಪಗೆ ಬಿರಿದರೆ ಅದನ್ನು ಸರ್ಕಾರದ ಗಮನಕ್ಕೆ ತರುವ ಹೊಣೆ ಆಡಳಿತದ ಮೇಲೂ ನೋಡಿದ ವೈದ್ಯರ ಮೇಲೂ ಇದೆ. ‘ನಿನ್ನ ಕೈಯೇ ಸರಿಯಿಲ್ಲ, ಬೇರೆ ಕೈ ತಗೊಂಡು ಬಾ’ ಎಂದು ಕಾನೂನಿನ ಮಟ್ಟಿಗಾದರೂ ಅವನಿಗೆ ಯಾರೂ ಹೇಳುವಂತಿಲ್ಲ.

ಮಾಡೆಲಿಂಗ್ ಮಾಡುವವರಿಗೆ ಮಾತ್ರ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಕೆನ್ನೆ ಕೆಂಪಾಗಿ ಉರಿಯತೊಡಗಿದರೆ ನೀರು ಸಾಕಷ್ಟು ಕುಡಿಯುತ್ತಿಲ್ಲವೇನೋ, ರಾತ್ರಿ ನಿದ್ದೆಗೆಟ್ಟಿರಬೇಕು, ಎಣ್ಣೆ ತಿಂಡಿ ಜಾಸ್ತಿಯಾಗಿರಬೇಕು ಎಂಬ ವಿಚಾರಣೆ ಶುರುವಾಗುತ್ತದೆ. ಆ ಮುಖಕ್ಕೆ ಅಂದು ಬೆಳಗಿನಿಂದ ಏನೇನು ಮೆತ್ತಲಾಯಿತು, ಎಷ್ಟು ಸಲ ಉಜ್ಜಿ ತೆಗೆಯಲಾಯಿತು, ಯಾವ ಬ್ರಷ್ಷು ಎಷ್ಟು ಜನರ ಮೇಲೆ ಓಡಾಡಿ ಬಂತು ಎಂದು ಯಾರೂ ಕೇಳುವುದಿಲ್ಲ. ಫೋಟೊ ಸ್ಟುಡಿಯೊಗಳನ್ನೆಲ್ಲ ಕಾರ್ಖಾನೆ ಎಂದು ಘೋಷಿಸಿ ಎಂಬುದು ನನ್ನ ಬೇಡಿಕೆಯಲ್ಲ. ಆ ಹಳೆಯ ಪಟ್ಟಿಯ ಹಿಂದಿರುವ ಯೋಚನೆಯನ್ನು ಎರವಲು ತರಬೇಕು ಎಂಬುದಷ್ಟೇ ನನ್ನ ವಾದ. ಮಾಡೆಲ್ ಮುಖದ ಕೆಂಪು ಹಲವು ಸಲ ಕೆಲಸದಿಂದ ಬಂದದ್ದು, ಬಾರದಿದ್ದರೂ ಕೆಲಸದಿಂದ ಹೆಚ್ಚಾದದ್ದು. ಅದನ್ನು ನಿಭಾಯಿಸುವ ಖರ್ಚು, ಸಮಯ, ಎಚ್ಚರಿಕೆ ಪೂರ್ತಿಯಾಗಿ ಆಕೆಯ ಮನೆಯ ಬಚ್ಚಲಿಗೇ ಬಿಟ್ಟುಬಿಡುವುದು ನ್ಯಾಯವಲ್ಲ.

ಮಾಡೆಲ್ ಎಂದೊಡನೆ ರ್‍ಯಾಂಪ್ ಮೇಲೆ ನಡೆಯುವ ನೀಳಕಾಯದ ಹುಡುಗಿ ನೆನಪಾಗುತ್ತಾಳೆ. ಬೆಂಗಳೂರಿನಂಥ ಊರಿನಲ್ಲಿ ಈ ಕಸುಬಿನ ಹೊಟ್ಟೆಪಾಡು ನಡೆಯುವುದು ಬಹುಮಟ್ಟಿಗೆ ಕ್ಯಾಟಲಾಗ್ ಶೂಟ್‌ಗಳಲ್ಲಿ. ಆನ್‌ಲೈನ್‌ನಲ್ಲಿ ಮಾರುವ ಕುರ್ತಿ, ಸೀರೆ, ನೈಟಿಗಳಿಗೆ ಮುಖ ಬೇಕಲ್ಲ. ಬೆಳಗ್ಗೆ ಏಳಕ್ಕೆ ಕಾಲ್ ಟೈಮ್ ಇದ್ದರೆ ಎಂಟೂವರೆಗೆ ಬೇಸ್ ಮುಗಿದಿರಬೇಕು. ಅಲ್ಲಿಂದ ಸಂಜೆಯವರೆಗೆ ಮೂವತ್ತು ನಲವತ್ತು ಬಟ್ಟೆ ಬದಲಾಯಿಸುವುದು ಅಪರೂಪವೇನಲ್ಲ. ನಾನು ನೋಡಿದ ಸ್ಟುಡಿಯೊವೊಂದರಲ್ಲಿ ಪ್ರತಿ ಸಲ ಕುರ್ತಿ ತೊಡುವಾಗಲೂ ಹುಡುಗಿಯ ತಲೆಗೆ ತೆಳುವಾದ ಬಟ್ಟೆಯ ಚೀಲವೊಂದನ್ನು ಇಳಿಬಿಡುತ್ತಿದ್ದರು. ಅದು ಕುರ್ತಿಯ ಕೊರಳಿಗೆ ಫೌಂಡೇಶನ್ ಹತ್ತಬಾರದೆಂದು ಮಾಡಿದ ವ್ಯವಸ್ಥೆ. ಮುಖದಿಂದ ಬಟ್ಟೆಯನ್ನು ಕಾಪಾಡಲು ಒಂದು ಉಪಾಯವಿದೆ. ಬಣ್ಣದಿಂದ ಮುಖವನ್ನು ಕಾಪಾಡಲು ಅಂಥದ್ದೇನೂ ಆ ಕೋಣೆಯಲ್ಲಿರಲಿಲ್ಲ. ಚೀಲ ಮಾತ್ರ ದಿನವಿಡೀ ಅದೇ ಕೆನ್ನೆಗಳನ್ನು ಉಜ್ಜುತ್ತಾ ಮೇಲೆ ಕೆಳಗೆ ಓಡಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿ, ಹಾಸನದ ಕಡೆಯವಳು, ಮೇಕಪ್ ಮಾಡುತ್ತಿದ್ದವರಿಗೆ ಮೆಲ್ಲಗೆ ಹೇಳಿದಳು: ‘ಅಕ್ಕ, ಮೂಗಿನ ಪಕ್ಕ ಉರೀತಿದೆ.’ ಆಕೆ ಅವಳ ಗಲ್ಲ ಹಿಡಿದೆತ್ತಿ ನೋಡಿ, ‘ಇನ್ನು ಸ್ವಲ್ಪಾನೇ ಕಣಮ್ಮ, ತಡ್ಕೊ. ಈಗ ತೆಗೆದ್ರೆ ಮತ್ತೆ ಬೇಸ್‌ನಿಂದ ಹಾಕ್ಬೇಕು’ ಎಂದರು. ಉರಿಯುತ್ತಿದ್ದ ಜಾಗಕ್ಕೆ ಇನ್ನಷ್ಟು ಕನ್ಸೀಲರ್ ಒತ್ತಿದರು. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಆಕೆಯೂ ದಿನಗೂಲಿಯವಳೇ. ಒಂದೇ ಪೆಟ್ಟಿಗೆಯಲ್ಲಿ ಎಲ್ಲರ ಮುಖಕ್ಕೂ ಒಗ್ಗುವಂಥದ್ದನ್ನು ಇಟ್ಟುಕೊಂಡು ಓಡಾಡುವವಳು. ಹೊತ್ತುಹೊತ್ತಿಗೂ ಬ್ರಷ್ ಕ್ಲೀನರ್, ಸ್ಪಿರಿಟ್‌ನಲ್ಲಿ ಕೈಯಾಡಿಸುವ ಅವಳ ಬೆರಳ ಸಂದುಗಳೂ ಒಡೆದಿದ್ದವು. ಈ ಲೇಖನದಲ್ಲಿ ಆಕೆಯನ್ನು ಖಳನಾಯಕಿ ಮಾಡಿದರೆ ವಾದವೇ ದಾರಿ ತಪ್ಪುತ್ತದೆ.

ಮೊದಲಿಗೆ, ಈ ಕೆಂಪು ಎಂಬುದು ಒಂದೇ ಕಾಯಿಲೆಯಲ್ಲ. ರೊಸೇಶಿಯ ಎಂಬುದೊಂದಿದೆ. ಮೂಗು, ಕೆನ್ನೆ, ಹಣೆಯ ನಡುಭಾಗದಲ್ಲಿ ರಕ್ತನಾಳಗಳು ಬೇಗನೆ ಹಿಗ್ಗಿ, ಕೆಂಪು ಬಂದುಹೋಗುತ್ತಾ ಕೊನೆಗೆ ಅಲ್ಲೇ ನೆಲೆಯೂರುವ ದೀರ್ಘಕಾಲದ ತೊಂದರೆ ಅದು. ಬಿಸಿಲು, ಸೆಕೆ, ಕುದಿಯುವ ಕಾಫಿ, ಖಾರ, ಮದ್ಯ, ಮನಸ್ಸಿನ ಒತ್ತಡ ಇದನ್ನು ಕೆರಳಿಸುತ್ತವೆ. ಎರಡನೆಯದು ಕಿರಿಕಿರಿಯ ಉರಿಯೂತ. ಯಾರ ಚರ್ಮವಾದರೂ ಸರಿ, ಪದೇ ಪದೇ ತೊಳೆದು ಉಜ್ಜಿದರೆ ಮೇಲುಪದರ ಸವೆದು ಉರಿಯುತ್ತದೆ. ಮೂರನೆಯದು ಅಲರ್ಜಿ. ಯಾವುದೋ ಒಂದು ವಸ್ತುವಿಗೆ ದೇಹ ಒಮ್ಮೆ ಮುನಿಸಿಕೊಂಡರೆ ಮುಗಿಯಿತು, ಮುಂದೆ ಅದರ ಚೂರು ತಾಗಿದರೂ ಕೆರಳುತ್ತದೆ. ಮೂಗಿನ ಪಕ್ಕ, ಹುಬ್ಬುಗಳಲ್ಲಿ ಹೊಟ್ಟಿನಂತೆ ಏಳುವ ಸೆಬೊರಿಕ್ ಡರ್ಮಟೈಟಿಸ್ ನಾಲ್ಕನೆಯದು. ಐದನೆಯದು ನಮ್ಮ ದೇಶದಲ್ಲಿ ಬಹಳ ಮುಖ್ಯವಾದದ್ದು, ತಪ್ಪು ಮುಲಾಮಿನಿಂದ ಬರುವಂಥದ್ದು. ಅದನ್ನು ಮುಂದೆ ಹೇಳುತ್ತೇನೆ. ಒಬ್ಬಳ ಮುಖದಲ್ಲೇ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರಬಹುದು. ಆದ್ದರಿಂದ ‘ನನ್ನದು ಸೆನ್ಸಿಟಿವ್ ಸ್ಕಿನ್’ ಎಂಬ ಮಾತು ಇನ್ನೂ ರೋಗನಿರ್ಣಯವಲ್ಲ. ಅದು ಡಾಕ್ಟರ ಬಳಿ ಹೋಗಲು ಒಂದು ಕಾರಣ, ಅಷ್ಟೇ.

ಇದಕ್ಕೆ ನಮ್ಮ ಮೈಬಣ್ಣದ ತೊಡಕೂ ಸೇರಿಕೊಳ್ಳುತ್ತದೆ. ಬಿಳಿಯರ ಚರ್ಮದಲ್ಲಿ ದಾಸವಾಳದಂತೆ ಎದ್ದು ಕಾಣುವ ಕೆಂಪು ಗೋಧಿ ಬಣ್ಣದ, ಎಣ್ಣೆಗೆಂಪಿನ, ಕಪ್ಪು ಚರ್ಮದಲ್ಲಿ ಹಾಗೆ ಕಾಣುವುದಿಲ್ಲ. ಅದು ಕಂದಾಗಿ, ನೇರಳೆ ಛಾಯೆಯಾಗಿ, ಕೆಲವೊಮ್ಮೆ ಬರೀ ಮಂಕಾಗಿ ತೋರುತ್ತದೆ. ಮುಖದ ಒಡತಿಗೆ ಬಿಸಿ, ಉರಿ, ಚರ್ಮ ಎಳೆದು ಕಟ್ಟಿದಂತಾಗುವ ಅನುಭವವಿದ್ದರೂ ಎದುರಿಗಿರುವವರಿಗೆ ಏನೂ ಕಾಣುವುದಿಲ್ಲ. ವೈದ್ಯಕೀಯ ಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿ ಚರ್ಮದವೇ ಆದದ್ದರಿಂದ ಡಾಕ್ಟರುಗಳ ಕಣ್ಣಿಗೂ ಇದು ತಪ್ಪಿಸಿಕೊಳ್ಳುತ್ತದೆ. ಲಂಡನ್ನಿನ ಸೇಂಟ್ ಜಾರ್ಜ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ಕಪ್ಪು, ಕಂದು ಚರ್ಮದಲ್ಲಿ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂದು ತೋರಿಸಲು 2020ರಲ್ಲಿ ‘ಮೈಂಡ್ ದಿ ಗ್ಯಾಪ್’ ಎಂಬ ಕೈಪಿಡಿಯನ್ನು ತನ್ನ ಅಧ್ಯಾಪಕರ ಜೊತೆ ಸೇರಿ ತಂದದ್ದು ಈ ಕೊರತೆಯಿಂದಲೇ. ರೊಸೇಶಿಯ ಬಿಳಿಯರ ಕಾಯಿಲೆ ಎಂಬ ನಂಬಿಕೆಗೂ ಅರ್ಧ ಕಾರಣ ಇದೇ ಇರಬೇಕು. ನಮ್ಮಲ್ಲಿ ಅದು ಮೊಡವೆ ಎಂದು, ‘ಹೀಟು’ ಎಂದು, ಪಿತ್ತ ಎಂದು ಹಾದುಹೋಗುತ್ತದೆ.

ಕಂದು ಚರ್ಮಕ್ಕೆ ಇನ್ನೊಂದು ಶಿಕ್ಷೆಯೂ ಉಂಟು. ಉರಿಯೂತ ಇಳಿದ ಮೇಲೂ ಅದರ ಜಾಗದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಕ್ಯಾಮೆರಾದ ಮುಂದೆ ನಿಲ್ಲುವವಳನ್ನು ಕಂಗೆಡಿಸುವುದು ಹೆಚ್ಚಾಗಿ ಈ ಕಲೆ. ಕಲೆ ಕಂಡೊಡನೆ ‘ಟ್ಯಾನ್ ಆಗಿದೆ’ ಎಂದು ಬ್ಲೀಚು, ಪೀಲು, ಸ್ಕ್ರಬ್ಬು ಶುರುವಾಗುತ್ತದೆ. ಕಲೆಗೆ ಮೂಲವಾದ ಉರಿಯೂತ ಇನ್ನಷ್ಟು ಕೆರಳುತ್ತದೆ. ಕೆಂಪು ಮುಚ್ಚಲು ಹಚ್ಚುವ ಹಸಿರು ಕರೆಕ್ಟರ್ ಕೂಡ ಹೀಗೆಯೇ ಬೇರೆಯವರ ಚರ್ಮಕ್ಕೆ ಹೊಂದಿಸಿ ಕಲಿತ ಪಾಠ. ಬಣ್ಣದ ಚಕ್ರದಲ್ಲಿ ಹಸಿರು ಕೆಂಪಿಗೆ ಎದುರು ಎಂಬುದು ನಿಜವೇ. ಆದರೆ ನಮ್ಮ ಚರ್ಮದ ಮೇಲೆ ಧಾರಾಳವಾಗಿ ಬಳಿದರೆ ಮುಖ ಬೂದಿ ಬಡಿದಂತಾಗುತ್ತದೆ. ಆ ಬೂದಿಯನ್ನು ಮುಚ್ಚಲು ಮತ್ತೊಂದು ಪದರ ಬೇಕಾಗುತ್ತದೆ. ಒಳ್ಳೆಯ ಮೇಕಪ್ ಕಲಾವಿದರು ಹಳದಿ ಬೆರೆತ ತೆಳು ಪದರದಲ್ಲಿ ಕೆಲಸ ಮುಗಿಸುತ್ತಾರೆ.

ಪದರದ ಮೇಲೆ ಪದರ ಹಾಕುವುದು ಅರ್ಧ ಕಥೆ, ತೆಗೆಯುವುದು ಇನ್ನರ್ಧ. ನನ್ನನ್ನು ಕೇಳಿದರೆ ಹೆಚ್ಚಿನ ಹಾನಿ ಆಗುವುದು ತೆಗೆಯುವಾಗ. ಚರ್ಮದ ಹೊರಪದರ ತುಸು ಆಮ್ಲೀಯವಾಗಿರುತ್ತದೆ, ಅದರ ಪಿಎಚ್ ಸುಮಾರು 5. ನಾವು ಬಳಸುವ ಸಾಮಾನ್ಯ ಸೋಪಿನದು 9ರಿಂದ 10. ತೇವವನ್ನು ಹಿಡಿದಿಡುವ ಸೆರಮೈಡ್‌ಗಳೆಂಬ ಕೊಬ್ಬಿನ ಅಂಶಗಳು ಆ ಹೊರಪದರದಲ್ಲಿವೆ. ಗಟ್ಟಿ ಸೋಪು, ಸ್ಪಿರಿಟ್ ಬೆರೆತ ವೈಪು, ಒರಟು ಟವಲು ಮೂರೂ ಸೇರಿದರೆ ಅವು ಕಿತ್ತುಕೊಂಡು ಹೋಗುತ್ತವೆ. ಶೂಟ್ ಮುಗಿದು ಕ್ಯಾಬ್ ಕಾಯುವಾಗ ವೈಪಿನಲ್ಲಿ ಮುಖವನ್ನು ಗಸಗಸ ಉಜ್ಜಿ, ನೀರನ್ನೂ ಸೋಕಿಸದೆ ಮನೆಗೆ ಹೊರಡುವುದು ಈ ಕಸುಬಿನ ಮಾಮೂಲಿ ದೃಶ್ಯ. ಯಕ್ಷಗಾನದ ಚೌಕಿಗೆ ಹೋಗಿ ನೋಡಿ. ರಾತ್ರಿಯಿಡೀ ಕುಣಿದ ಬಣ್ಣದ ವೇಷಧಾರಿ ತೆಂಗಿನೆಣ್ಣೆ ಸುರಿದುಕೊಂಡು, ಬಣ್ಣ ತಾನಾಗಿ ಸಡಿಲವಾಗುವವರೆಗೆ ಕೂತು, ಆಮೇಲೆ ಮೃದುವಾಗಿ ಒರೆಸಿಕೊಳ್ಳುತ್ತಾನೆ. ತೆಂಗಿನೆಣ್ಣೆ ಎಲ್ಲರಿಗೂ ಒಗ್ಗುತ್ತದೆ ಎನ್ನಲಾಗದು, ಮೊಡವೆಯ ಮುಖಕ್ಕೆ ಅದು ಬೇಡ. ಇಲ್ಲಿ ಗಮನಿಸಬೇಕಾದದ್ದು ಎರಡು: ಆ ಕಲಾವಿದ ಸಂಪ್ರದಾಯದಂತೆ ತನ್ನ ಬಣ್ಣವನ್ನು ತಾನೇ ಬರೆದುಕೊಳ್ಳುತ್ತಾನೆ, ಬಿಡಿಸಿಕೊಳ್ಳುವುದಕ್ಕೂ ತಾನೇ ಹೊತ್ತು ತೆಗೆದುಕೊಳ್ಳುತ್ತಾನೆ. ಮಾಡೆಲ್‌ಗೆ ಈ ಎರಡೂ ಇಲ್ಲ.

ಈಗ ಆ ಐದನೆಯ ಕೆಂಪಿನ ಮಾತು. ನನಗೆ ಅತ್ಯಂತ ಸಿಟ್ಟು ಬರಿಸುವ ಭಾಗವೂ ಇದೇ. ನಾಳೆ ಶೂಟ್ ಇದೆ, ಮುಖ ಕೆಂಪಾಗಿದೆ. ಗೆಳತಿಯೊಬ್ಬಳು ಒಂದು ಟ್ಯೂಬಿನ ಹೆಸರು ಹೇಳುತ್ತಾಳೆ, ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಡುತ್ತಾರೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆಗೆ ಕೆಂಪು ಇಳಿದಿರುತ್ತದೆ. ನಾಲ್ಕು ದಿನ ಹಚ್ಚಿದರೆ ಮುಖ ಬೆಳ್ಳಗೂ ಆಗುತ್ತದೆ. ಪವಾಡವೇ ಸರಿ. ಅದರೊಳಗಿರುವುದು ಬೆಟಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್. ಅದು ರಕ್ತನಾಳಗಳನ್ನು ಕುಗ್ಗಿಸಿ, ಉರಿಯೂತವನ್ನು ಅದುಮಿಟ್ಟು ಕೆಂಪನ್ನು ಮರೆಮಾಡುತ್ತದೆ. ವಾರಗಳು ತಿಂಗಳುಗಳಾದರೆ ಚರ್ಮ ಕಾಗದದಂತೆ ತೆಳುವಾಗಿ, ನಾಳಗಳು ಹಿಗ್ಗಿ ಎಳೆಎಳೆಯಾಗಿ ಕಾಣತೊಡಗುತ್ತವೆ. ಮೊಡವೆ, ಬೇಡದ ಕೂದಲು ಏಳುತ್ತವೆ. ಬಿಟ್ಟರೆ ಎರಡು ಮೂರು ದಿನದಲ್ಲಿ ಮುಖ ಬೆಂಕಿಯಾಗುತ್ತದೆ. ಹೆದರಿ ಮತ್ತೆ ಹಚ್ಚುತ್ತಾಳೆ. ಕೆಂಪು ಹೋಗಲಿ ಎಂದು ತಂದ ಔಷಧವೇ ಕೆಂಪಿನ ಕಾರಣವಾಗಿ ಕೂತುಬಿಡುತ್ತದೆ.

ಇದಕ್ಕೆ ಭಾರತದ ಚರ್ಮವೈದ್ಯರೇ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂದು ಹೆಸರಿಟ್ಟರು. ಇಂಥ ಮುಖಗಳು ಇಲ್ಲಿ ಅಷ್ಟೊಂದು ಬರುತ್ತಿದ್ದವು. 2011ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆ ಎಂದು ಬಂದ 2926 ಜನರನ್ನು ವಿಚಾರಿಸಿದಾಗ 433 ಮಂದಿ, ಅಂದರೆ ಶೇ 14.8ರಷ್ಟು, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಇದರ ಒಂದು ಬೇರು ಒಳ್ಳೆಯ ಔಷಧವೊಂದರಲ್ಲೇ ಇದೆ. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಕಪ್ಪು ಕಲೆಗಳಿಗೆಂದು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಲೇಪನವನ್ನು ಮುಂದಿಟ್ಟರು. ವೈದ್ಯರ ಕಣ್ಗಾವಲಿನಲ್ಲಿ ಸ್ವಲ್ಪ ಕಾಲ ಬಳಸಬೇಕಾದ ಈ ತ್ರಿವಳಿ ನಮ್ಮಲ್ಲಿ ಬೆಳ್ಳಗಾಗುವ ಕ್ರೀಮಾಗಿ ಬೀದಿಗಿಳಿಯಿತು. ಅದೇ 1975ರಲ್ಲಿ ಫೇರ್ ಆ್ಯಂಡ್ ಲವ್ಲಿ ಕೂಡ ಭಾರತದ ಮಾರುಕಟ್ಟೆಗೆ ಬಂತು. ಅದರಲ್ಲಿ ಸ್ಟೀರಾಯ್ಡ್ ಇರಲಿಲ್ಲ, ಎರಡಕ್ಕೂ ನೇರ ನಂಟಿಲ್ಲ. ಆದರೆ ಬೆಳ್ಳಗಾಗಬೇಕೆಂಬ ಹಂಬಲವನ್ನು ಜಾಹೀರಾತು ದಶಕಗಳ ಕಾಲ ಬಿತ್ತಿತು, ಮೆಡಿಕಲ್ ಶಾಪಿನ ಟ್ಯೂಬು ಆ ಬೆಳೆಯನ್ನು ಕೊಯ್ದಿತು. ಆ ಜಾಹೀರಾತುಗಳಲ್ಲಿ ನಿಂತು ಬಿತ್ತಿದವರು ಮಾಡೆಲ್‌ಗಳೇ ಎಂಬುದೂ ನಿಜ. ಹೆಸರು ಬದಲಾಗಿ ಅದು ಗ್ಲೋ ಆ್ಯಂಡ್ ಲವ್ಲಿ ಆದದ್ದು 2020ರಲ್ಲಿ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ನಿಯಮ ಬಂತು. ಕೌಂಟರಿನ ಆಚೆಯಿಂದ ಚೀಟಿ ಕೇಳುವ ಅಭ್ಯಾಸ ಇನ್ನೂ ಬರಬೇಕಿದೆ.

ಹಾಗಾದರೆ ಕೆಂಪು ಮುಖ ಹೊತ್ತು ಈ ಕಸುಬು ಮಾಡುವವಳು ಏನು ಮಾಡಬೇಕು? ವೈದ್ಯರು ಹೇಳುವುದರಲ್ಲಿ ಬಹುಪಾಲು ಬಿಡುವ ವಿದ್ಯೆಯೇ. ಎಂಟು ಹತ್ತು ಸೀಸೆಗಳ ಸಾಲನ್ನು ಬಿಟ್ಟು ಮೂರಕ್ಕೆ ಇಳಿಯುವುದು: ಸೋಪಿನಂಶವಿಲ್ಲದ ಮೃದು ಕ್ಲೆನ್ಸರ್, ವಾಸನೆಯಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೆರಳುವ ಚರ್ಮಕ್ಕೆ ಸೌಮ್ಯ. ಅದು ಬಿಳಿ ಬಿಳಿಯಾಗಿ ಕಾಣುವುದು, ಫ್ಲ್ಯಾಶ್ ಬಿದ್ದರೆ ಮುಖ ಸುಣ್ಣ ಬಳಿದಂತಾಗುವುದು ಮಾಡೆಲ್‌ಗಳ ತಕರಾರು, ನ್ಯಾಯವಾದ ತಕರಾರೇ. ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಬಗೆಗಳು ಆ ಬಿಳುಪನ್ನು ತಗ್ಗಿಸುತ್ತವೆ. ಜೊತೆಗೆ ಕಲೆ ಹೆಚ್ಚಿಸುವ ಗೋಚರ ಬೆಳಕನ್ನೂ ತಡೆಯುತ್ತವೆ. ಔಷಧದ ಮಾತಿಗೆ ಬಂದರೆ ಅಜೆಲಾಯಿಕ್ ಆಮ್ಲ ನಮ್ಮ ಚರ್ಮಕ್ಕೆ ಹೇಳಿ ಮಾಡಿಸಿದಂತಿದೆ, ರೊಸೇಶಿಯದ ಕೆಂಪು ಗುಳ್ಳೆಗೂ ಅದು ಬಿಟ್ಟುಹೋಗುವ ಕಲೆಗೂ ಒಂದೇ ಮದ್ದು. ಮೆಟ್ರೊನಿಡಜೋಲ್, ಐವರ್‌ಮೆಕ್ಟಿನ್ ಲೇಪನಗಳೂ ಬಳಕೆಯಲ್ಲಿವೆ. ಎಲ್ಲವೂ ಫಲ ಕೊಡಲು ವಾರಗಳನ್ನು ಕೇಳುತ್ತವೆ. ಶೂಟಿನ ಹಿಂದಿನ ರಾತ್ರಿಗೆ ಇವುಗಳಲ್ಲಿ ಯಾವುದರಿಂದಲೂ ಉಪಯೋಗವಿಲ್ಲ.

ಒಂದೇ ದಿನಕ್ಕೆ ಉಪಯೋಗಕ್ಕೆ ಬರುವ ಔಷಧವೂ ಇದೆ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆದ ಬ್ರಿಮೊನಿಡಿನ್ ಜೆಲ್ ಹಚ್ಚಿದ ಕೆಲವೇ ಗಂಟೆಗಳಲ್ಲಿ ರಕ್ತನಾಳ ಕುಗ್ಗಿಸಿ ಕೆಂಪನ್ನು ಅಂದಿನ ಮಟ್ಟಿಗೆ ಇಳಿಸುತ್ತದೆ. ಕ್ಯಾಮೆರಾದ ಕಸುಬಿಗೆ ಇದು ವರದಾನವೆನಿಸಬಹುದು. ಆದರೆ ಕೆಲವರಲ್ಲಿ ಅದರ ಪ್ರಭಾವ ಇಳಿದಾಗ ಕೆಂಪು ಮೊದಲಿಗಿಂತ ಜೋರಾಗಿ ಮರಳುತ್ತದೆ. ಆ ‘ಕೆಲವರಲ್ಲಿ’ ತಾನೂ ಒಬ್ಬಳೇ ಎಂದು ತಿಳಿಯಲು ಬಿಡುವಿನ ದಿನವೊಂದು ಬೇಕು, ಜೊತೆಗೆ ಡಾಕ್ಟರ ಸಲಹೆ ಬೇಕು. ಹೊಸತು ಯಾವುದನ್ನೇ ಆಗಲಿ ಕೆಲಸದ ದಿನ ಮೊದಲ ಬಾರಿಗೆ ಮುಖಕ್ಕೆ ಹಚ್ಚಬಾರದು. ಅಲರ್ಜಿಯ ಅನುಮಾನವಿದ್ದರೆ ಪ್ಯಾಚ್ ಟೆಸ್ಟ್ ಇದೆ. ಬೆನ್ನ ಮೇಲೆ ಸಣ್ಣ ಸಣ್ಣ ಪಟ್ಟಿಗಳನ್ನು 48 ಗಂಟೆ ಅಂಟಿಸಿಟ್ಟು, ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವ ಪರೀಕ್ಷೆ. ಅಷ್ಟು ದಿನ ಬೆನ್ನಿಗೆ ನೀರು ಸೋಕಿಸಬಾರದು, ಬೆವರಬಾರದು. ಬೆನ್ನು ಕಾಣುವ ರವಿಕೆಯ ಶೂಟ್ ಒಪ್ಪಿಕೊಂಡವಳಿಗೆ ಇದೂ ಒಂದು ಸಂಕಟ. ಆದರೂ ಆ ಪರೀಕ್ಷೆಯಿಂದ ಸಿಗುವ ಹೆಸರುಗಳ ಪಟ್ಟಿ ಚಿನ್ನದಂಥದ್ದು.

ಆ ಪಟ್ಟಿ ಕೈಯಲ್ಲಿದ್ದರೂ ಡಬ್ಬಿಯ ಮೇಲೆ ಓದಲು ಸಿಗಬೇಕಲ್ಲ, ಅಲ್ಲಿ ವೈಯಕ್ತಿಕ ಎಚ್ಚರಿಕೆ ಸೋಲುತ್ತದೆ. ಸೌಂದರ್ಯವರ್ಧಕಗಳಲ್ಲಿ ಅಲರ್ಜಿ ತರುವ ದೊಡ್ಡ ಗುಂಪು ಸುಗಂಧಗಳದ್ದು. ನಮ್ಮ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ‘ಪರ್‌ಫ್ಯೂಮ್’ ಎಂಬ ಒಂದೇ ಪದದಲ್ಲಿ ಅಷ್ಟೂ ಅಡಗಿರುತ್ತದೆ. ಐರೋಪ್ಯ ಒಕ್ಕೂಟ 26 ಸುಗಂಧ ವಸ್ತುಗಳನ್ನು ಹೆಸರಿಸಿಯೇ ನಮೂದಿಸಬೇಕೆಂದು ಬಹಳ ಹಿಂದೆಯೇ ನಿಯಮ ಮಾಡಿ, 2023ರಲ್ಲಿ ಆ ಪಟ್ಟಿಯನ್ನು 80ರ ಆಚೆಗೆ ಹಿಗ್ಗಿಸಿತು. ಮಿಥೈಲ್‌ಐಸೊಥಯಜೊಲಿನೋನ್ ಎಂಬ ಕೆಡದಂತಿಡುವ ರಾಸಾಯನಿಕವನ್ನು ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಆ ವರ್ಷದ ಅಲರ್ಜಿಕಾರಕ ಎಂದು ಸಾರಿತು. ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು ಬಳಸಕೂಡದೆಂದು ಯುರೋಪು ಆಮೇಲೆ ತೀರ್ಮಾನಿಸಿತು. ನಮ್ಮ ನಡುವೆಯೇ ಹಳೆಯ ಉದಾಹರಣೆ ಬೇಕಿದ್ದರೆ ಅಂಟಿಸುವ ಬಿಂದಿ ಇದೆ. ಅದರ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಹಣೆಯಲ್ಲಿ ಬಿಂದಿಯಷ್ಟೇ ದುಂಡನೆಯ ಬಿಳಿ ಕಲೆ ಮಾಡಿದ್ದನ್ನು ನಮ್ಮ ಚರ್ಮವೈದ್ಯರು ಎಷ್ಟೋ ಹೆಂಗಸರಲ್ಲಿ ಕಂಡಿದ್ದಾರೆ. ಮೇಕಪ್ ಪೆಟ್ಟಿಗೆಯಲ್ಲಿ ಏನಿದೆ ಎಂದು ಮೇಕಪ್ ಮಾಡುವವರಿಗೇ ಗೊತ್ತಿಲ್ಲದಿರುವಾಗ, ‘ನಿನಗೆ ಏನು ಆಗಲ್ಲವೋ ಅದನ್ನು ನೀನೇ ಹೇಳಬೇಕಿತ್ತು’ ಎಂಬುದು ಎಲ್ಲಿಯ ನ್ಯಾಯ?

ಈ ವಾದಕ್ಕೆ ಎದುರಾಗುವ ಪ್ರಶ್ನೆ ಒರಟಾಗಿದ್ದರೂ ತಳ್ಳಿಹಾಕುವಂಥದ್ದಲ್ಲ. ಮುಖವೇ ಬಂಡವಾಳವಾದ ಕಸುಬಿಗೆ ಕೆರಳುವ ಮುಖದವಳು ಬರುವುದೇಕೆ? ಎತ್ತರಕ್ಕೆ ಹೆದರುವವನು ತೆಂಗಿನ ಮರ ಹತ್ತುವ ಕೆಲಸ ಹಿಡಿಯುತ್ತಾನೆಯೇ? ಇದಕ್ಕೆ ಉತ್ತರ ಸಿಮೆಂಟಿನಲ್ಲಿದೆ. ಕಟ್ಟಡ ಕೂಲಿಗಳ ಕೈ ಒಡೆದು ಕೀವಾಗುತ್ತಿದ್ದುದಕ್ಕೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಅಲರ್ಜಿ ಮುಖ್ಯ ಕಾರಣವಾಗಿತ್ತು. ಸೂಕ್ಷ್ಮ ಚರ್ಮದವರು ಗಾರೆ ಕೆಲಸಕ್ಕೆ ಬರಬೇಡಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. 1983ರಲ್ಲಿ ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ, ಕರಗುವ ಕ್ರೋಮಿಯಂ ಅನ್ನು ಹತ್ತು ಲಕ್ಷದಲ್ಲಿ 2 ಭಾಗಕ್ಕೆ ಇಳಿಸಬೇಕೆಂದು ಕಡ್ಡಾಯ ಮಾಡಿತು. ಆ ಅಲರ್ಜಿ ಅಲ್ಲಿನ ಕಟ್ಟಡ ಕಾರ್ಮಿಕರಲ್ಲಿ ಗಣನೀಯವಾಗಿ ತಗ್ಗಿತು. 2005ರಿಂದ ಇಡೀ ಐರೋಪ್ಯ ಒಕ್ಕೂಟ ಅದೇ ಮಿತಿಯನ್ನು ಪಾಲಿಸುತ್ತಿದೆ. ಕೂಲಿಯ ಕೈ ಹಾಗೆಯೇ ಇತ್ತು, ಬದಲಾದದ್ದು ಸಿಮೆಂಟು. ಎತ್ತರದ ಭಯವನ್ನು ತೆಂಗಿನ ಮರ ಹುಟ್ಟಿಸುವುದಿಲ್ಲ. ಸಂಪರ್ಕದ ಅಲರ್ಜಿ ಹಾಗಲ್ಲ, ಪದೇ ಪದೇ ತಾಗಿದ್ದರಿಂದಲೇ ಅದು ಹುಟ್ಟುತ್ತದೆ. ಕಸುಬಿಗೆ ಬಂದ ದಿನ ಚೆನ್ನಾಗಿಯೇ ಇದ್ದ ಮುಖ ಎರಡು ವರ್ಷದ ಮೇಲೆ ಕೆರಳುವ ಮುಖವಾಗಿದ್ದರೆ ಅದನ್ನು ಆಯ್ಕೆಯ ತಪ್ಪು ಎನ್ನಲಾಗದು.

ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬುದು ಇಲ್ಲಿಯ ನಿಜವಾದ ಗಂಟು. ಬ್ರಿಟನ್ನಿನ ಕಾರಾ ಡೆಲೆವಿನ್ ಹೆಸರಿನ ಶಿಖರದಲ್ಲಿದ್ದಾಗ ತನಗೆ ಸೋರಿಯಾಸಿಸ್ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡರು. ಫ್ಯಾಷನ್ ಶೋಗಳ ಒತ್ತಡದಲ್ಲಿ ಅದು ಕೆರಳುತ್ತಿತ್ತೆಂದೂ, ತನ್ನನ್ನು ಮುಟ್ಟಲು ಹಿಂಜರಿದು ಕೆಲವರು ಕೈಗವಸು ತೊಡುತ್ತಿದ್ದರೆಂದೂ ಸಂದರ್ಶನಗಳಲ್ಲಿ ತಿಳಿಸಿದರು. ಅಂಥವರ ಮಾತಿನಿಂದ ನಾಚಿಕೆ ಕೊಂಚ ಕರಗುತ್ತದೆ, ಸುಳ್ಳಲ್ಲ. ಆದರೆ ಅವರಿಗೆ ಅಷ್ಟು ಹೇಳಿ ದಕ್ಕಿಸಿಕೊಳ್ಳುವ ತಾಕತ್ತಿತ್ತು. ಹಾಸನದಿಂದ ಬಸ್ಸು ಹತ್ತಿ ಬಂದು ಪಿಜಿಯಲ್ಲಿ ಮಂಚ ಹಂಚಿಕೊಂಡು ಮಲಗುವ ಹುಡುಗಿ ವಾಟ್ಸ್ಆ್ಯಪ್‌ನಲ್ಲಿ ಕೋ-ಆರ್ಡಿನೇಟರ್‌ಗೆ ‘ಸರ್, ನನಗೆ ಈ ಬೇಸ್ ಆಗಲ್ಲ’ ಎಂದು ಕಳಿಸಿದರೆ, ಬರುವ ಉತ್ತರ ಬರೀ ಎರಡು ನೀಲಿ ಗೀಟು. ಮುಂದಿನ ಶೂಟಿಗೆ ಬೇರೆ ಹುಡುಗಿ.

ಆದ್ದರಿಂದ ಹೇಳುವ ಧೈರ್ಯವನ್ನು ಅವಳಿಂದ ಬೇಡುವುದಕ್ಕಿಂತ ಕೇಳುವ ಕ್ರಮವನ್ನು ಕೆಲಸ ಕೊಡುವವರಿಗೆ ಅಂಟಿಸುವುದು ಸುಲಭದ ದಾರಿ. ಬುಕಿಂಗ್ ಮಾಡುವಾಗ ಎದೆ, ಸೊಂಟ, ಚಪ್ಪಲಿಯ ಅಳತೆಯನ್ನೆಲ್ಲ ಕೇಳುತ್ತಾರೆ. ಅದೇ ಫಾರಂನಲ್ಲಿ ಎಲ್ಲರಿಗೂ ಒಂದೇ ಸಾಲು: ‘ಮುಖಕ್ಕೆ ಯಾವುದು ಆಗುವುದಿಲ್ಲ?’ ಎಲ್ಲರನ್ನೂ ಕೇಳಿದಾಗ ಉತ್ತರ ಕೊಟ್ಟವಳು ತಕರಾರಿನವಳು ಎನಿಸಿಕೊಳ್ಳುವುದಿಲ್ಲ. ಸ್ವಂತ ಫೌಂಡೇಶನ್, ಸ್ವಂತ ಸ್ಪಂಜು ತಂದರೆ ಬೇಡವೆನ್ನಬಾರದು, ಅದರ ಖರ್ಚಿಗೆಂದು ಸಂಭಾವನೆಯಲ್ಲಿ ಸ್ವಲ್ಪ ಸೇರಿಸಬೇಕು. ಮೇಕಪ್ ತೆಗೆಯುವ ಅರ್ಧ ಗಂಟೆ ಕೆಲಸದ ಹೊತ್ತಿನಲ್ಲೇ ಸೇರಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಡಿಸೆಂಬರಿನಲ್ಲಿ ಸಹಿ ಬಿದ್ದು 2025ರ ಜೂನ್‌ನಲ್ಲಿ ಜಾರಿಗೆ ಬಂದ ಫ್ಯಾಷನ್ ಕೆಲಸಗಾರರ ಕಾಯ್ದೆ ಎಂಟು ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೊಡಬೇಕು, ಊಟಕ್ಕೆ ಬಿಡುವು ಕೊಡಬೇಕು ಎನ್ನುತ್ತದೆ. ನಮ್ಮಲ್ಲಿ ಮಾಡೆಲ್‌ಗಳ ಗಂಟೆಯನ್ನು ಯಾರೂ ಎಣಿಸುವುದಿಲ್ಲ, ‘ಒಂದು ದಿನ’ ಎಂಬುದು ಎಷ್ಟು ಬೇಕಾದರೂ ಉದ್ದವಾಗುತ್ತದೆ. ಗಂಟೆ ಎಣಿಸಲು ಶುರುಮಾಡಿದರೆ ಮುಖಕ್ಕೂ ಬಿಡುವು ಸಿಕ್ಕೀತು.

ಇಷ್ಟಕ್ಕೂ ದಪ್ಪ ಪದರದ ಅಗತ್ಯವೇ ಈಗ ಎಷ್ಟಿದೆ? ಕ್ಯಾಟಲಾಗಿನ ಚಿತ್ರಗಳು ಹೇಗೂ ಎಡಿಟಿಂಗ್ ಮೇಜಿಗೆ ಹೋಗುತ್ತವೆ. ಕೆನ್ನೆಯ ಕೆಂಪನ್ನು ಅಲ್ಲಿ ಅಳಿಸಲು ಕೆಲವು ನಿಮಿಷ ಸಾಕು. ಆ ಕೆಲವು ನಿಮಿಷ ಉಳಿಸಲು ಒಂದು ಮುಖವನ್ನು ಹತ್ತು ಗಂಟೆ ಗಾರೆ ಮೆತ್ತಿ ಕೂರಿಸುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ದಡ್ಡತನ. ಆದರೆ ಇಲ್ಲೊಂದು ತೊಡಕಿದೆ. ಚರ್ಮವನ್ನು ಕಂಪ್ಯೂಟರಿನಲ್ಲಿ ನುಣ್ಣಗೆ ಮಾಡಿ ತೋರಿಸುವ ಸುಳ್ಳಿನಿಂದಲೇ ತಾನೇ ಸಾವಿರಾರು ಹುಡುಗಿಯರು ಮೆಡಿಕಲ್ ಶಾಪಿನ ಟ್ಯೂಬಿಗೆ ಹೋದದ್ದು? ಫ್ರಾನ್ಸ್ 2017ರಿಂದ ಜಾಹೀರಾತುಗಳಲ್ಲಿ ಮಾಡೆಲ್‌ನ ಮೈಕಟ್ಟನ್ನು ತಿದ್ದಿದ್ದರೆ ಹಾಗೆಂದು ನಮೂದಿಸಬೇಕೆಂದು ನಿಯಮ ಮಾಡಿದೆ. ನಾರ್ವೆಯ ಕಾನೂನು 2022ರಲ್ಲಿ ಇನ್ನೂ ಮುಂದೆ ಹೋಗಿ, ಮೈಯ ಆಕಾರ, ಗಾತ್ರದ ಜೊತೆ ಚರ್ಮವನ್ನು ತಿದ್ದಿದ್ದರೂ ಹೇಳಬೇಕು ಎಂದಿತು. ನಾರ್ವೆಯ ದಾರಿ ನನಗೆ ಸರಿಯೆನಿಸುತ್ತದೆ. ಬಟ್ಟೆಯ ಕ್ಯಾಟಲಾಗಿನಲ್ಲಿ ಮಾರಾಟಕ್ಕಿರುವುದು ಬಟ್ಟೆ. ಅಲ್ಲಿ ತೆಳು ಮೇಕಪ್ ಸಾಕು, ಕೆಂಪು ಸ್ವಲ್ಪ ಉಳಿದರೂ ಕುರ್ತಿಯ ಬಣ್ಣ ಬದಲಾಗುವುದಿಲ್ಲ. ಅಳಿಸಲೇಬೇಕೆಂದು ಗ್ರಾಹಕ ಕಂಪನಿ ಹಟ ಹಿಡಿದರೆ ಅಳಿಸಿ, ಅಳಿಸಿದ್ದೇವೆಂದು ಕೆಳಗೆ ಬರೆಯಲಿ. ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿಗೆ ಮಾತ್ರ ಈ ರಿಯಾಯಿತಿ ಸಲ್ಲದು. ಅಲ್ಲಿ ಮಾರಾಟಕ್ಕಿಟ್ಟಿರುವುದೇ ಆ ಚರ್ಮ. ಅದನ್ನು ಬಣ್ಣದಿಂದಲೂ ಮುಚ್ಚದೆ, ಕಂಪ್ಯೂಟರಿನಿಂದಲೂ ತಿದ್ದದೆ, ಆ ಕ್ರೀಮನ್ನು ನಿಜವಾಗಿ ಹಚ್ಚಿಕೊಂಡವಳ ಮುಖ ಇದ್ದ ಹಾಗೆಯೇ ತೋರಿಸಬೇಕು ಎಂಬ ನಿಯಮ ಬಂದ ದಿನ, ಕೆಂಪು ಕೆನ್ನೆಯ ಹುಡುಗಿಯರಿಗೆ ಎಷ್ಟು ಕೆಲಸ ಸಿಗುತ್ತದೋ ಹೇಳಲಾರೆ. ಕೆಲವು ಕ್ರೀಮುಗಳಿಗಂತೂ ಮಾಡೆಲ್ ಸಿಗುವುದು ಕಷ್ಟವಾದೀತು.